ಸಂಘಕ್ಕೆ ಹೋಗದ ಎರಡು ಲೀಟರು ಹಾಲು: ರೊಟ್ಟಿಗೂ ಬ್ರೆಡ್ಡಿಗೂ ಹಚ್ಚಲು ಮನೆಯ ಖಾರದ ಪನೀರು

ಸಂಜೆ ಹಾಲು ಕರೆದು ನೀವು ಸಂಘದ ಬಾಗಿಲಿಗೆ ಬರುವಷ್ಟರಲ್ಲಿ ಅಳತೆ ಮುಗಿದಿದೆ. ಕ್ಯಾನುಗಳು ಗಾಡಿ ಹತ್ತಿವೆ. ಕೈಯಲ್ಲಿ ಎರಡು ಲೀಟರು ಹಾಲು ಉಳಿದಿದೆ. ಇದು ಒಬ್ಬರ ಮನೆಯ ಕಥೆಯಲ್ಲ. ಕರು ಹಾಕಿ ಎರಡು ತಿಂಗಳಾದ ಹಸು ಕೊಟ್ಟಿಗೆಯಲ್ಲಿದ್ದರೆ, ಹಸಿರು ಮೇವು ಚೆನ್ನಾಗಿ ಸಿಗುವ ಕಾಲವಾಗಿದ್ದರೆ, ಅಥವಾ ಮಳೆಗೆ ಹಳ್ಳ ತುಂಬಿ ಗಾಡಿಯೇ ಬಾರದಿದ್ದರೆ ಹೀಗಾಗುವುದು ಸಹಜ. ಅಂಥ ದಿನ ಏನು ಮಾಡುತ್ತೀರಿ? ಹೆಪ್ಪು ಹಾಕುತ್ತೀರಿ. ಮಜ್ಜಿಗೆ ಕುಡಿದು ಮಿಕ್ಕಿದ್ದನ್ನು ನೆರೆಮನೆಗೆ ಕೊಡುತ್ತೀರಿ. ತಪ್ಪಿಲ್ಲ. ಆದರೆ ಇನ್ನೊಂದು ದಾರಿಯೂ ಇದೆ.

ಆ ಹಾಲನ್ನು ಒಡೆದು, ನೀರು ಸೋಸಿ, ಉಪ್ಪು ಖಾರ ಸೇರಿಸಿ ನುಣ್ಣಗೆ ಅರೆದರೆ ರೊಟ್ಟಿಗೆ, ಚಪಾತಿಗೆ, ಬ್ರೆಡ್ಡಿಗೆ ಸವರಿ ತಿನ್ನುವ ಒಂದು ರುಚಿಯಾದ ಪದಾರ್ಥ ಸಿದ್ಧವಾಗುತ್ತದೆ. ಪೇಟೆಯಲ್ಲಿ ಇದನ್ನು ಹೋಲುವುದನ್ನು ಚೀಸ್ ಸ್ಪ್ರೆಡ್ ಎಂದು ಡಬ್ಬಿಯಲ್ಲಿ ಮಾರುತ್ತಾರೆ. ಮನೆಯಲ್ಲಿ ಮಾಡಲು ಯಂತ್ರ ಬೇಕಿಲ್ಲ, ಔಷಧಿ ಬೇಕಿಲ್ಲ. ಒಂದು ಸ್ಟೀಲು ಪಾತ್ರೆ, ಒಂದು ತೆಳು ಬಟ್ಟೆ, ನಾಲ್ಕೈದು ನಿಂಬೆಹಣ್ಣು ಸಾಕು.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡಬೇಕು. 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಆರಂಭವಾದ ಸಹಕಾರಿ ಹೈನುಗಾರಿಕೆ ಇಂದು ನಾಡಿನ ಹಳ್ಳಿಹಳ್ಳಿಗೂ ಹಬ್ಬಿದೆ. ಹಾಲಿಗೆ ದರ ಬಂತು, ಮನೆಗೆ ಕಾಸು ಬಂತು. ಅದರ ಜೊತೆಗೆ ಅನೇಕ ಮನೆಗಳಲ್ಲಿ ಒಂದು ರೂಢಿಯೂ ಬಂತು: ಹಾಲೆಲ್ಲ ಕ್ಯಾನಿಗೆ, ಮನೆಯ ಮಕ್ಕಳಿಗೆ ಬರಿಯ ಚಹಾ. ಬೆಳಗಿನ ಜಾವ ಎದ್ದು ಕೊಟ್ಟಿಗೆ ಬಳಿದು, ಹುಲ್ಲು ಹೊತ್ತು, ಹಾಲು ಕರೆಯುವ ತಾಯಿಯ ಊಟದಲ್ಲಿಯೇ ಹಾಲಿನ ಅಂಶ ಎಲ್ಲರಿಗಿಂತ ಕಡಿಮೆ. ವಾರಕ್ಕೆ ಎರಡು ಲೀಟರು ಹಾಲು ಮನೆಯ ಹೊಟ್ಟೆಗೆ ಹೋದರೆ ಸಂಘವೇನೂ ಬಡವಾಗುವುದಿಲ್ಲ. ನಿಮ್ಮ ಮಕ್ಕಳು ಗಟ್ಟಿಯಾಗುತ್ತಾರೆ. ಈ ಲೇಖನದ ಉದ್ದೇಶ ಇಷ್ಟೆ.

ಚೀಸ್ ಎಂದರೇನು, ಇದು ಯಾವುದು?

ನಿಘಂಟು ತೆರೆದರೆ ಚೀಸ್ ಎಂಬುದಕ್ಕೆ ‘ಗಿಣ್ಣು’ ಎಂಬ ಅರ್ಥ ಕಾಣುತ್ತದೆ. ನಮ್ಮ ರೈತರಿಗೆ ಗಿಣ್ಣು ಎಂದರೆ ಬೇರೆ. ಕರು ಹಾಕಿದ ಹಸು ಮೊದಲ ಕೆಲವು ದಿನ ಕೊಡುವ ಮಂದವಾದ ಹಾಲು, ಅದರಿಂದ ಮಾಡುವ ಸಿಹಿ. ಆ ಹಾಲಿನಲ್ಲಿ ಮೊದಲ ಹಕ್ಕು ಕರುವಿನದು. ರೋಗ ತಡೆಯುವ ಶಕ್ತಿ ಕರುವಿಗೆ ಅದರಿಂದಲೇ ಬರಬೇಕು. ಇಲ್ಲಿ ಹೇಳುವ ಪದಾರ್ಥಕ್ಕೆ ಗಿಣ್ಣು ಹಾಲು ಬೇಡ, ಅದು ಬರಿಯ ಕಾವಿಗೇ ಗಟ್ಟಿಯಾಗಿಬಿಡುತ್ತದೆ.

ಹಾಲಿನಲ್ಲಿರುವ ಪ್ರೋಟೀನಿನಲ್ಲಿ ಹೆಚ್ಚು ಕಡಿಮೆ ಐದರಲ್ಲಿ ನಾಲ್ಕು ಪಾಲು ಕೇಸೀನ್ ಎಂಬುದು. ಹಾಲಿಗೆ ಹುಳಿ ಬಿದ್ದಾಗ ಈ ಕೇಸೀನ್ ಕಣಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ. ಕೊಬ್ಬು ಆ ಗಟ್ಟಿಯೊಳಗೆ ಸಿಕ್ಕಿಕೊಳ್ಳುತ್ತದೆ. ಮಿಕ್ಕಿದ್ದು ತಿಳಿನೀರಾಗಿ ಬೇರೆಯಾಗುತ್ತದೆ. ಇದೇ ಪನೀರು. ಬಂಗಾಳದಲ್ಲಿ ರಸಗುಲ್ಲಕ್ಕೆ ಬಳಸುವ ಛೇನಾ ಕೂಡ ಇದೇ ಜಾತಿಯದು.

ಪಶ್ಚಿಮ ದೇಶಗಳ ಬಹುತೇಕ ಗಟ್ಟಿ ಚೀಸುಗಳನ್ನು ರೆನೆಟ್ ಎಂಬ ಕಿಣ್ವ ಹಾಕಿ ಹೆಪ್ಪುಗಟ್ಟಿಸಿ, ತಿಂಗಳುಗಟ್ಟಲೆ ಹಣ್ಣಾಗಿಸುತ್ತಾರೆ. ಹಿಂದೆ ಆ ಕಿಣ್ವವನ್ನು ಎಳೆಗರುವಿನ ಜಠರದಿಂದ ತೆಗೆಯುತ್ತಿದ್ದರು. ಈಗ ಸೂಕ್ಷ್ಮಾಣು ಮೂಲದ ಕಿಣ್ವವೂ ಬಳಕೆಯಲ್ಲಿದೆ. ಸಸ್ಯಾಹಾರಿ ಮನೆಗಳವರು ಚೀಸ್ ಎಂದೊಡನೆ ಅನುಮಾನಿಸುವುದು ಈ ಕಾರಣದಿಂದ. ನಮ್ಮ ಪದಾರ್ಥದಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ಹಾಲು ಒಡೆಯುವುದು ನಿಂಬೆಹಣ್ಣಿನಿಂದ.

ಒಂದು ವ್ಯತ್ಯಾಸ ತಿಳಿದಿರಲಿ. ಹುಳಿಯಿಂದ ಒಡೆದ ಪನೀರು ಎಷ್ಟು ಕಾಯಿಸಿದರೂ ಅಂಗಡಿಯ ಚೀಸಿನಂತೆ ಕರಗಿ ಎಳೆಯಾಗುವುದಿಲ್ಲ. ಸವರಿ ತಿನ್ನಲು ಮಾತ್ರ ಇದು ಬಹು ಚೆನ್ನು.

ಯಾವ ಹಾಲು ಸರಿ, ಯಾವುದು ಬೇಡ?

ಸವರುವ ಪದಾರ್ಥಕ್ಕೆ ಹಸುವಿನ ಹಾಲೇ ಮೇಲು. ಗಟ್ಟಿ ಮೃದುವಾಗಿ ಬರುತ್ತದೆ, ಬೇಗ ನುಣ್ಣಗಾಗುತ್ತದೆ. ಎಮ್ಮೆಯ ಹಾಲಿನಲ್ಲಿ ಹೆಚ್ಚು ಗಟ್ಟಿ ದೊರೆಯುತ್ತದೆ ನಿಜ, ಆದರೆ ಅದು ಸ್ವಲ್ಪ ಬಿರುಸು. ಎಮ್ಮೆ ಹಾಲು ಮಾತ್ರವೇ ಇದ್ದರೆ ಒಡೆಯುವಾಗ ಕಾವು ಸ್ವಲ್ಪ ಕಡಿಮೆ ಇಡಿ, ಅರೆಯುವಾಗ ತಿಳಿನೀರು ಎರಡು ಚಮಚ ಹೆಚ್ಚು ಹಾಕಿ. ಹಸು ಹಾಲು ಲೀಟರಿಗೆ ಸುಮಾರು 150 ಗ್ರಾಂ ಗಟ್ಟಿ ಕೊಟ್ಟರೆ, ಎಮ್ಮೆ ಹಾಲು ಸುಮಾರು 200 ಗ್ರಾಂ ಕೊಡುತ್ತದೆ.

ಈಗ ಕಿವಿಗೊಟ್ಟು ಕೇಳಬೇಕಾದ ಮಾತು. ಸಂಘದಲ್ಲಿ ಹಾಲು ವಾಪಸು ಬಂದರೆ ‘ಹೋಗಲಿ, ಮನೆಗಾದರೂ ಆಯಿತು’ ಎನ್ನುವವರಿದ್ದಾರೆ. ವಾಪಸು ಬಂದದ್ದು ಯಾಕೆ ಎಂದು ಮೊದಲು ನೋಡಿ. ಹೊತ್ತು ಮೀರಿತೆಂದು ವಾಪಸಾದರೆ ಆ ಹಾಲಿಗೆ ದೋಷವಿಲ್ಲ, ಕೂಡಲೇ ಕಾಯಿಸಿ ಬಳಸಬಹುದು. ಹಸುವಿಗೆ ಕೆಚ್ಚಲು ಬಾವು ಬಂದಿದ್ದರೆ, ಹಾಲಿನಲ್ಲಿ ಹೆಪ್ಪಿನ ತುಣುಕು, ರಕ್ತದ ಎಳೆ ಕಂಡರೆ, ಉಪ್ಪುಪ್ಪಾಗಿದ್ದರೆ ಆ ಹಾಲು ಮನೆಗೂ ಬೇಡ, ಮಾರಾಟಕ್ಕೂ ಬೇಡ.

ಹಸುವಿಗೆ ಜೀವಿರೋಧಕ ಚುಚ್ಚುಮದ್ದು ಕೊಡಿಸಿದ್ದರೆ, ಅಥವಾ ಕೆಚ್ಚಲಿನೊಳಗೆ ಔಷಧಿಯ ಟ್ಯೂಬು ಏರಿಸಿದ್ದರೆ, ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಜನ ಬಳಸಬಾರದು. ಕಾಯಿಸಿದರೆ ಹೋಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಇಂಥ ಅನೇಕ ಔಷಧಿಗಳ ಅಂಶ ಕುದಿಸಿದರೂ ಹಾಲಿನಲ್ಲಿ ಉಳಿಯುತ್ತದೆ. ಎರಡು ಲೀಟರು ಹಾಲು ಚೆಲ್ಲುವ ಸಂಕಟ ರೈತನಿಗೆ ಗೊತ್ತು. ಆದರೂ ಚೆಲ್ಲುವುದೇ ಲೇಸು.

ಹಸಿ ಹಾಲಿನಿಂದ ನೇರವಾಗಿ ಇದನ್ನು ಮಾಡಕೂಡದು. ದನಗಳಲ್ಲಿ ಗರ್ಭಪಾತಕ್ಕೆ ಕಾರಣವಾಗುವ ಕಂದು ರೋಗ ಹಸಿ ಹಾಲಿನ ಮೂಲಕ ಮನುಷ್ಯರಿಗೂ ಅಂಟುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು ತಿಂಗಳುಗಟ್ಟಲೆ ಕಾಡುತ್ತವೆ. ಹಾಲು ಒಮ್ಮೆ ಚೆನ್ನಾಗಿ ಉಕ್ಕಿ ಬಂದರೆ ಈ ಭಯವಿಲ್ಲ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಈ ರೋಗದ ಲಸಿಕೆ ಹಾಕಿಸುವುದನ್ನೂ ಮರೆಯಬೇಡಿ.

ಬೇಕಾಗುವ ಸಾಮಾನು

ಹಸುವಿನ ಹಾಲು 2 ಲೀಟರು. ನಿಂಬೆಹಣ್ಣು 4 ಅಥವಾ 5. ಬೆಣ್ಣೆ 30 ಗ್ರಾಂ, ಎಂದರೆ ಎರಡು ದೊಡ್ಡ ಚಮಚ. ಉಪ್ಪು ಒಂದು ಚಿಕ್ಕ ಚಮಚ. ಹಸಿಮೆಣಸಿನಕಾಯಿ 3. ಬೆಳ್ಳುಳ್ಳಿ 5 ಎಸಳು. ಶುಂಠಿ ಅರ್ಧ ಅಂಗುಲ. ಹುರಿದ ಜೀರಿಗೆ ಅರ್ಧ ಚಿಕ್ಕ ಚಮಚ. ಕಾಳುಮೆಣಸು ಹತ್ತು ಕಾಳು. ಕೊತ್ತಂಬರಿ ಸೊಪ್ಪು ಒಂದು ಹಿಡಿ.

ನಿಂಬೆಹಣ್ಣು ದುಬಾರಿಯಾದ ಕಾಲದಲ್ಲಿ ಅಂಗಡಿಯ ನಿಂಬೆ ಉಪ್ಪು ಬಳಸಬಹುದು. ಎರಡು ಲೀಟರು ಹಾಲಿಗೆ 4 ಗ್ರಾಂ ಸಾಕು. ಅದನ್ನು ಎರಡು ಲೋಟ ಬಿಸಿನೀರಿನಲ್ಲಿ ಕರಗಿಸಿಕೊಳ್ಳಿ.

ಪಾತ್ರೆ ಸ್ಟೀಲಿನದಾಗಿರಲಿ. ಹುಳಿ ಬೀಳುವುದರಿಂದ ಕಲಾಯಿ ಇಲ್ಲದ ತಾಮ್ರ ಹಿತ್ತಾಳೆಯ ಪಾತ್ರೆ ಬೇಡವೇ ಬೇಡ. ಸೋಸುವ ಬಟ್ಟೆ ತೆಳುವಾದ ಬಿಳಿಯ ಹತ್ತಿ ಬಟ್ಟೆಯಾಗಿರಲಿ. ಹಳೆಯ ಪಂಚೆಯ ತುಂಡಾದರೂ ಸರಿ, ಅದನ್ನು ಹತ್ತು ನಿಮಿಷ ನೀರಿನಲ್ಲಿ ಕುದಿಸಿ ಹಿಂಡಿರಬೇಕು. ಸೋಪಿನ ವಾಸನೆ ಉಳಿದಿದ್ದರೆ ಪದಾರ್ಥಕ್ಕೂ ಅದೇ ವಾಸನೆ ಹತ್ತುತ್ತದೆ.

ಮಾಡುವ ಕ್ರಮ

ಒಂದು: ಹಾಲನ್ನು ಸೋಸಿ ಒಲೆಯ ಮೇಲಿಡಿ. ತಳ ಹತ್ತದಂತೆ ಸೌಟಿನಿಂದ ಕೈಯಾಡಿಸುತ್ತಿರಿ. ಉಕ್ಕಿ ಬಂದ ಮೇಲೆ ಉರಿ ತಗ್ಗಿಸಿ ಇನ್ನೆರಡು ನಿಮಿಷ ಕಾಯಿಸಿ ಇಳಿಸಿ. ಹೀಗೆ ಚೆನ್ನಾಗಿ ಕಾದಾಗ ತಿಳಿನೀರಿಗೆ ಹೋಗಬೇಕಾದ ಪ್ರೋಟೀನಿನಲ್ಲಿ ಒಂದಿಷ್ಟು ಗಟ್ಟಿಯ ಜೊತೆಗೇ ಸೇರಿಕೊಳ್ಳುತ್ತದೆ. ಅಷ್ಟರಮಟ್ಟಿಗೆ ನಿಮಗೆ ಲಾಭ.

ಎರಡು: ಇಳಿಸಿದ ಹಾಲು ಎಂಟು ಹತ್ತು ನಿಮಿಷ ಆರಲಿ. ಕಾವು 70 ರಿಂದ 75 ಡಿಗ್ರಿಗೆ ಬರಬೇಕು. ಉಷ್ಣಮಾಪಕ ಇಲ್ಲದವರು ಹೀಗೆ ತಿಳಿಯಬಹುದು: ಹಬೆ ಏಳುತ್ತಿದೆ, ಗುಳ್ಳೆ ನಿಂತಿದೆ, ಮೇಲೆ ತೆಳುವಾದ ಕೆನೆ ಕಟ್ಟಲು ಶುರುವಾಗಿದೆ. ಕುದಿಯುವ ಹಾಲಿಗೇ ಹುಳಿ ಹಾಕಿದರೆ ಗಟ್ಟಿ ರಬ್ಬರಿನಂತಾಗುತ್ತದೆ.

ಮೂರು: ನಿಂಬೆರಸವನ್ನು ಬೀಜವಿಲ್ಲದಂತೆ ಸೋಸಿ, ಅಷ್ಟೇ ಬಿಸಿನೀರು ಬೆರೆಸಿ. ಇದನ್ನು ಸ್ವಲ್ಪ ಸ್ವಲ್ಪವೇ ಹಾಲಿಗೆ ಹನಿಸುತ್ತ ಸೌಟನ್ನು ನಿಧಾನವಾಗಿ ತಿರುಗಿಸಿ. ರಭಸದಿಂದ ಕಲಕಬೇಡಿ. ಹಾಲು ಒಡೆದು, ನೀರು ತಿಳಿಹಸಿರು ಹಳದಿ ಬಣ್ಣಕ್ಕೆ ಬಂದೊಡನೆ ಹುಳಿ ಹಾಕುವುದನ್ನು ನಿಲ್ಲಿಸಿ. ರಸ ಮಿಕ್ಕಿದ್ದರೆ ಮಿಗಲಿ. ನೀರು ಇನ್ನೂ ಬೆಳ್ಳಗೆ ಹಾಲಿನಂತೆ ಇದ್ದರೆ ಇನ್ನೊಂದು ಚಮಚ ರಸ ಬೇಕು.

ನಾಲ್ಕು: ಐದು ನಿಮಿಷ ಮುಚ್ಚಿಡಿ. ಆಮೇಲೆ ಬಟ್ಟೆ ಹಾಸಿದ ಜರಡಿಯ ಮೇಲೆ ಸುರಿಯಿರಿ. ಕೆಳಗೆ ಪಾತ್ರೆ ಇಟ್ಟು ತಿಳಿನೀರನ್ನು ಹಿಡಿದುಕೊಳ್ಳಿ. ಗಟ್ಟಿಯ ಮೇಲೆ ಒಂದು ಲೋಟ ಕಾಯಿಸಿ ಆರಿಸಿದ ನೀರು ಸುರಿದರೆ ನಿಂಬೆಯ ಹುಳಿ ಕಳೆಯುತ್ತದೆ.

ಐದು: ಬಟ್ಟೆಯನ್ನು ಗಂಟು ಕಟ್ಟಿ ಅರ್ಧ ಗಂಟೆ ತೂಗುಹಾಕಿ. ಕಲ್ಲು ಹೇರುವುದು ಬೇಡ. ತುಂಡು ಮಾಡಿ ಪಲ್ಯಕ್ಕೆ ಹಾಕುವ ಪನೀರಿಗೆ ಭಾರ ಬೇಕು, ಸವರುವ ಪನೀರಿಗೆ ಒಳಗೆ ಸ್ವಲ್ಪ ತೇವ ಇರಬೇಕು.

ಆರು: ಅಷ್ಟರಲ್ಲಿ ಖಾರ ಸಿದ್ಧಮಾಡಿ. ಒಂದು ಚಮಚ ಬೆಣ್ಣೆಯಲ್ಲಿ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿಯನ್ನು ಹಸಿವಾಸನೆ ಹೋಗುವಷ್ಟು ಬಾಡಿಸಿ. ಕೊತ್ತಂಬರಿ ಸೊಪ್ಪನ್ನು ಮೂರು ಸಲ ತೊಳೆದು, ಕುದಿನೀರಿನಲ್ಲಿ ಒಮ್ಮೆ ಅದ್ದಿ ತೆಗೆದು, ಬಟ್ಟೆಯಲ್ಲಿ ಒತ್ತಿ ನೀರು ಆರಿಸಿ. ಮಣ್ಣಿನಿಂದ ಬರುವ ಸೂಕ್ಷ್ಮಾಣುಗಳು ಸೊಪ್ಪಿನ ಮೂಲಕ ಸೇರಿದರೆ ಪದಾರ್ಥ ಬೇಗ ಕೆಡುತ್ತದೆ.

ಏಳು: ಗಟ್ಟಿ ಇನ್ನೂ ಉಗುರುಬೆಚ್ಚಗಿರುವಾಗಲೇ ತಟ್ಟೆಗೆ ಹಾಕಿ, ಅಂಗೈಯ ಬುಡದಿಂದ ಐದು ನಿಮಿಷ ತಿಕ್ಕಿ ನಾದಿ. ಮರಳುಮರಳಾಗಿದ್ದದ್ದು ಬೆಣ್ಣೆಯಂತಾಗುತ್ತದೆ. ಬಳಿಕ ಉಪ್ಪು, ಖಾರ, ಜೀರಿಗೆ, ಮೆಣಸು, ಮಿಕ್ಕ ಬೆಣ್ಣೆ, ಮೂರು ನಾಲ್ಕು ಚಮಚ ತಿಳಿನೀರು ಸೇರಿಸಿ ಒರಳಿನಲ್ಲಾಗಲಿ ಮಿಕ್ಸಿಯಲ್ಲಾಗಲಿ ಅರೆಯಿರಿ. ಮಿಕ್ಸಿಯಲ್ಲಾದರೆ ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಬಿಸಿಯೇರಿ ಬೆಣ್ಣೆ ಬೇರೆಯಾಗುತ್ತದೆ.

ಎಂಟು: ಕುದಿನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಅಥವಾ ಸ್ಟೀಲಿನ ಡಬ್ಬಿಗೆ ತುಂಬಿ. ಎಲ್ಲ ಸೇರಿ ಸುಮಾರು 350 ಗ್ರಾಂ ಆಗುತ್ತದೆ. ರೊಟ್ಟಿಗೆ ಒಂದು ಚಮಚದಂತೆ ಹದಿನೆಂಟು ಇಪ್ಪತ್ತು ರೊಟ್ಟಿಗೆ ಸಾಕು.

ಮೊಸರಿನಿಂದಲೂ ಆದೀತು

ಬೆಳಗಾವಿ, ಧಾರವಾಡದ ಕಡೆಯವರಿಗೆ ಶ್ರೀಖಂಡಕ್ಕೆ ಚಕ್ಕಾ ಕಟ್ಟುವುದನ್ನು ಹೇಳಿಕೊಡಬೇಕಿಲ್ಲ. ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಆರೇಳು ಗಂಟೆ ತಂಪಾದ ಜಾಗದಲ್ಲಿ ತೂಗುಬಿಟ್ಟರೆ ಚಕ್ಕಾ ಸಿದ್ಧ. ಅದಕ್ಕೆ ಸಕ್ಕರೆಯ ಬದಲು ಉಪ್ಪು, ಬೆಳ್ಳುಳ್ಳಿ, ಮೆಣಸು ಸೇರಿಸಿದರೆ ಅದೂ ಸವರುವ ಪದಾರ್ಥವೇ. ಪನೀರಿನ ಗಟ್ಟಿ ಎರಡು ಪಾಲು, ಚಕ್ಕಾ ಒಂದು ಪಾಲು ಬೆರೆಸಿ ಅರೆದರೆ ಚೀಸಿನ ಹುಳಿರುಚಿಗೆ ಬಹಳ ಸಮೀಪ ಬರುತ್ತದೆ. ಮೊಸರು ಹೊಸದಾಗಿರಲಿ, ಹುಳಿ ಹಿಡಿದದ್ದು ಬೇಡ.

ರುಚಿಯನ್ನು ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ. ಜೋಳದ ರೊಟ್ಟಿಯವರು ಹಸಿಮೆಣಸಿನ ಬದಲು ಕೆಂಪು ಮೆಣಸಿನ ರಂಜಕ ಅಥವಾ ಶೇಂಗಾ ಚಟ್ನಿಪುಡಿ ಬೆರೆಸಬಹುದು. ಬ್ಯಾಡಗಿ ಮೆಣಸಿನಕಾಯಿ ಹಾಕಿದರೆ ಖಾರ ಕಡಿಮೆ, ಬಣ್ಣ ಹೆಚ್ಚು. ಮಲೆನಾಡಿನವರು ಕಾಳುಮೆಣಸು ಹೆಚ್ಚು ಮಾಡಿ ಅಕ್ಕಿರೊಟ್ಟಿಗೆ ಸವರಲಿ. ಬ್ರೆಡ್ಡಿನ ನಡುವೆ ಇಡುವುದಾದರೆ ಇದರ ಮೇಲೆ ಸೌತೆಕಾಯಿ, ಈರುಳ್ಳಿಯ ಬಿಲ್ಲೆ ಜೋಡಿಸಿ, ಕಾವಲಿಯ ಮೇಲೆ ಎರಡೂ ಮಗ್ಗುಲು ಕೆಂಪಗೆ ಮಾಡಿ.

ತಿಳಿನೀರನ್ನು ಚರಂಡಿಗೆ ಸುರಿಯಬೇಡಿ

ಎರಡು ಲೀಟರು ಹಾಲಿನಿಂದ ಒಂದೂವರೆ ಲೀಟರಿಗೂ ಹೆಚ್ಚು ತಿಳಿನೀರು ಬರುತ್ತದೆ. ಹಾಲಿನ ಸಕ್ಕರೆ ಅಂಶ, ಸ್ವಲ್ಪ ಪ್ರೋಟೀನು, ಸುಣ್ಣಾಂಶದ ಒಂದು ಪಾಲು ಅದರಲ್ಲಿರುತ್ತವೆ. ಚಪಾತಿ ಹಿಟ್ಟು ಕಲಸಲು, ಸಾರಿಗೆ, ಬೇಳೆ ಬೆಂದ ಮೇಲೆ ಹುಳಿಗೆ ಬದಲಾಗಿ ಬಳಸಿ. ಉಪ್ಪು, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟರೆ ಮಜ್ಜಿಗೆಯಂತೆ ಕುಡಿಯಬಹುದು. ಒಂದು ಪಾತ್ರೆ ತಿಳಿನೀರನ್ನು ಮುಚ್ಚಿಟ್ಟರೆ ಮರುದಿನಕ್ಕೆ ಹುಳಿಯಾಗುತ್ತದೆ. ಮರುದಿನದ ಹಾಲು ಒಡೆಯಲು ನಿಂಬೆಯ ಬದಲು ಅದನ್ನೇ ಬಳಸಬಹುದು. ಹಾಲೊಡೆಯುವ ಸಿಹಿ ತಿಂಡಿಯವರು ಈ ರೀತಿ ಮಾಡುವುದುಂಟು. ಮಿಕ್ಕಿದ್ದು ದನದ ಕಲಗಚ್ಚಿಗೆ ಹೋಗಲಿ. ಒಮ್ಮೆಗೇ ಬಹಳ ಕುಡಿಸಬೇಡಿ, ನೀರಿನೊಡನೆ ಬೆರೆಸಿ ಕೊಡಿ.

ಎಷ್ಟು ದಿನ ಇಡಬಹುದು?

ಅಂಗಡಿಯ ಡಬ್ಬಿ ತಿಂಗಳುಗಟ್ಟಲೆ ಕೆಡುವುದಿಲ್ಲ, ನಮ್ಮದು ಯಾಕೆ ಕೆಡುತ್ತದೆ ಎಂದು ಕೇಳಬಹುದು. ಅದನ್ನು ಕಾರ್ಖಾನೆಯಲ್ಲಿ ಕಾಯಿಸಿ, ಗಾಳಿಯಾಡದಂತೆ ತುಂಬಿರುತ್ತಾರೆ, ಕೆಡದಂತೆ ತಡೆಯುವ ಪದಾರ್ಥಗಳನ್ನೂ ಸೇರಿಸಿರುತ್ತಾರೆ. ನಮ್ಮದರಲ್ಲಿ ತೇವ ಹೆಚ್ಚು, ಕಾಪು ಕಡಿಮೆ. ಫ್ರಿಜ್ಜಿನಲ್ಲಿ ಇಟ್ಟು ನಾಲ್ಕು ದಿನದೊಳಗೆ ಮುಗಿಸಿ. ಒಣ ಚಮಚದಿಂದಲೇ ತೆಗೆಯಿರಿ. ಫ್ರಿಜ್ಜು ಇಲ್ಲದ ಮನೆಯಲ್ಲಿ ಒಂದು ಹೊತ್ತಿಗೆ ಬೇಕಾದಷ್ಟೇ ಮಾಡಿ ಆಗಲೇ ತಿನ್ನಿ. ಒದ್ದೆ ಮರಳಿನ ಮಡಕೆ ತರಕಾರಿಗೆ ಸರಿ, ಈ ಪದಾರ್ಥಕ್ಕೆ ಅದರ ತಂಪು ಸಾಲದು. ಕರೆಂಟು ದಿನವಿಡೀ ಹೋದ ಮೇಲೆ ಫ್ರಿಜ್ಜಿನಲ್ಲಿದ್ದದ್ದನ್ನು ನಂಬಬೇಡಿ.

ರಾತ್ರಿ ಮಾಡಲು ಪುರಸೊತ್ತಿಲ್ಲದಿದ್ದರೆ ಹಾಲನ್ನು ಆಗಲೇ ಉಕ್ಕಿಸಿ, ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಆರಿಸಿ. ಬೆಳಿಗ್ಗೆ ಮತ್ತೆ ಉಕ್ಕಿಸಿ ಒಡೆಯಿರಿ. ಮಕ್ಕಳ ಶಾಲೆಯ ಬುತ್ತಿಗೆ ಹಾಕಿದರೆ ಮಧ್ಯಾಹ್ನದ ಬಿಡುವಿನಲ್ಲೇ ತಿಂದು ಮುಗಿಸಲು ಹೇಳಿ. ಸಂಜೆ ವಾಪಸು ಬಂದದ್ದನ್ನು ಮತ್ತೆ ಡಬ್ಬಿಗೆ ಸೇರಿಸಬೇಡಿ. ಬೂಸು ಕಂಡರೆ, ಜಿಗುಟಾದರೆ, ಕಹಿಯಾದರೆ ಮೇಲಿನದನ್ನು ಕೆರೆದು ತಿನ್ನುವ ಚಾಳಿ ಬೇಡ, ಎಲ್ಲವನ್ನೂ ಎಸೆಯಿರಿ. ಒಂದು ವರ್ಷ ತುಂಬದ ಕೂಸುಗಳಿಗೆ ಉಪ್ಪು ಖಾರದ ಈ ಪದಾರ್ಥ ಕೊಡಬಾರದು.

ಕೆಟ್ಟರೆ ಎಲ್ಲಿ ತಪ್ಪಿತು?

ಗಟ್ಟಿ ರಬ್ಬರಿನಂತಾಯಿತೇ? ಕಾವು ಹೆಚ್ಚಾಗಿತ್ತು, ಅಥವಾ ಒಡೆದ ಮೇಲೂ ಒಲೆಯ ಮೇಲೆ ಬಿಟ್ಟಿರಿ. ಮರಳುಮರಳಾಯಿತೇ? ತಣ್ಣಗಾದ ಮೇಲೆ ನಾದಿದಿರಿ. ಹುಳಿ ಹೆಚ್ಚಾಯಿತೇ? ನೀರು ತಿಳಿಯಾದ ಮೇಲೂ ರಸ ಸುರಿದಿರಿ. ಕಹಿಯಾಯಿತೇ? ನಿಂಬೆಯ ಬೀಜ ಸೇರಿತು. ಮರುದಿನ ನೀರು ಬಿಟ್ಟುಕೊಂಡಿತೇ? ಸೊಪ್ಪು ಆರಿರಲಿಲ್ಲ, ಇಲ್ಲವೇ ತೂಗುಹಾಕಿದ ಹೊತ್ತು ಸಾಲಲಿಲ್ಲ. ಮೊದಲ ಸಲ ಸರಿಯಾಗದಿದ್ದರೆ ಬೇಸರ ಬೇಡ. ಎರಡನೆಯ ಸಲಕ್ಕೆ ಕೈ ಪಳಗುತ್ತದೆ.

ಲೆಕ್ಕ ಹಾಕೋಣ

ಹಾಲಿಗೆ ಲೀಟರಿಗೆ 40 ರೂಪಾಯಿ ಎಂದಿಟ್ಟುಕೊಳ್ಳಿ. ಎರಡು ಲೀಟರಿಗೆ 80. ಬೆಣ್ಣೆ, ನಿಂಬೆ, ಸಂಬಾರ, ಉರುವಲು ಸೇರಿ ಇನ್ನೊಂದು 40. ಒಟ್ಟು 120 ರೂಪಾಯಿಗೆ 350 ಗ್ರಾಂ. ಒಂದು ರೊಟ್ಟಿಗೆ ಆರು ರೂಪಾಯಿ ಬಿತ್ತು. ನಿಮ್ಮ ಊರಿನ ದರ ಹಾಕಿ ನೀವೇ ಗುಣಿಸಿ ನೋಡಿ. ಪನೀರಿನ ಗಟ್ಟಿಯಲ್ಲಿ ನೂರು ಗ್ರಾಮಿಗೆ 15 ಗ್ರಾಮಿಗೂ ಮೇಲ್ಪಟ್ಟು ಪ್ರೋಟೀನು ಇರುತ್ತದೆ. ಚಹಾದೊಡನೆ ಮಕ್ಕಳಿಗೆ ಕೊಡಿಸುವ ಐದು ರೂಪಾಯಿ ಕುರುಕಲು ಪೊಟ್ಟಣದ ಪಕ್ಕದಲ್ಲಿ ಇದನ್ನಿಟ್ಟು ತೂಗಿ ನೋಡಿ.

ಮಾರಬಹುದೇ? ಮೊದಲು ಮನೆಯಲ್ಲಿ ಹತ್ತು ಸಲ ಮಾಡಿ ಕೈ ಕೂರಲಿ. ಆಮೇಲೆ ಸ್ತ್ರೀಶಕ್ತಿ ಸಂಘದವರು ಕೂಡಿ ಮಾಡುವ ಯೋಚನೆ ಮಾಡಬಹುದು. 2006ರ ಆಹಾರ ಸುರಕ್ಷತೆ ಕಾಯಿದೆಯಂತೆ ಸಣ್ಣ ಪ್ರಮಾಣದಲ್ಲಿ ಮಾರುವವರೂ ನೋಂದಣಿ ಮಾಡಿಸಬೇಕು. ಮಾಡಿದ ತಾರೀಖು, ಸೇರಿಸಿದ ಸಾಮಾನು ಡಬ್ಬಿಯ ಮೇಲೆ ಬರೆಯಬೇಕು. ಮುಖ್ಯವಾಗಿ, ನಿಮ್ಮ ಮನೆಯಿಂದ ಗಿರಾಕಿಯ ಮನೆಯವರೆಗೂ ತಂಪು ತಪ್ಪಬಾರದು. ಆ ಏರ್ಪಾಡು ಇಲ್ಲದಿದ್ದರೆ ಸಂತೆಯಲ್ಲಿಟ್ಟು ಮಾರಲು ಹೋಗಬೇಡಿ. ಹೆಚ್ಚಿನ ತಿಳಿವಳಿಕೆಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ, ಬೆಂಗಳೂರಿನ ಹೆಬ್ಬಾಳದ ಅಥವಾ ಕಲಬುರಗಿ ಜಿಲ್ಲೆಯ ಮಹಾಗಾಂವದ ಹೈನು ವಿಜ್ಞಾನ ಮಹಾವಿದ್ಯಾಲಯವನ್ನಾಗಲಿ ವಿಚಾರಿಸಿರಿ.

ವಾಚನಾಲಯದಲ್ಲಿ ಇದನ್ನು ಓದುತ್ತಿರುವವರು ಬಹುಪಾಲು ಗಂಡಸರು. ಓದಿದ್ದನ್ನು ಮನೆಗೆ ಹೋಗಿ ಹೇಳಿ ಕೈತೊಳೆದುಕೊಳ್ಳಬೇಡಿ. ಹಾಲು ಒಡೆಯುವಾಗ ಒಬ್ಬರು ರಸ ಹನಿಸಬೇಕು, ಇನ್ನೊಬ್ಬರು ಸೌಟು ತಿರುಗಿಸಬೇಕು. ಆ ಸೌಟು ನಿಮ್ಮ ಕೈಯಲ್ಲಿರಲಿ. ಮೊದಲ ರೊಟ್ಟಿಗೆ ಸವರಿ ಹಾಲು ಕರೆದವರಿಗೆ ಕೊಡಿ. ರುಚಿ ಹೇಗಿದೆಯೆಂದು ಅವರೇ ಹೇಳಲಿ.